ಮರ ಕೊಯ್ಯುವ ಮೆಷಿನ್ ಕೆಟ್ಟಾಗ

(ರಜತ ಮಹೋತ್ಸವದ ಅಂಗವಾಗಿ ಸಂಘದ ಸಭಾಂಗಣದಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಮಗಿಂತ ಮುಂಚೆ ಮಾತಾಡಿದ ಹಿರಿಯರು ಸಹಕಾರ ಚಳವಳಿಯ ಬಗ್ಗೆ, 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘದ ಬಗ್ಗೆ ವಿಸ್ತಾರವಾಗಿ ಹೇಳಿದ್ದಾರೆ. ಅಷ್ಟು ದೊಡ್ಡ ವಿಷಯ ಹೇಳುವ ಓದು ನಮ್ಮದಲ್ಲ. ಅಧ್ಯಕ್ಷರು "ನೀವು ಆ ಚೈನ್ ಸಾ ರಿಪೇರಿ ವಿಷಯವನ್ನೇ ಹೇಳಿ, ಜನ ಈಗಲೂ ಕೇಳ್ತಾ ಇರ್ತಾರೆ" ಅಂದರು. ಹಾಗಾಗಿ ನಾವು ಆ ಒಂದು ಮೆಷಿನ್ ವಿಷಯ ಮಾತ್ರ ಹೇಳುತ್ತೇವೆ.

ತಮಗೆಲ್ಲ ನೆನಪಿರಬಹುದು. ಸಂಘದಿಂದ ಚೈನ್ ಸಾ ತರಬೇಕು ಅಂತ ಠರಾವು ಆದಾಗ ವಿರೋಧ ಇತ್ತು. ಗೊಬ್ಬರ ಮಾರುವ, ಬೆಳೆ ಸಾಲ ಕೊಡುವ ಸಂಘಕ್ಕೆ ಮರ ಕೊಯ್ಯುವ ಉಸಾಬರಿ ಯಾಕೆ ಅಂದವರಿದ್ದರು. ಆದರೆ ನಮ್ಮದು ಮಲೆನಾಡು. ಮಳೆಗಾಲದಲ್ಲಿ ವಾರಕ್ಕೊಂದು ಮರ ದಾರಿಗೆ ಬೀಳುತ್ತದೆ, ಇಲ್ಲ ತೋಟಕ್ಕೆ ಬೀಳುತ್ತದೆ. ಒಂದು ಗಂಟೆ ಕೆಲಸಕ್ಕೆ ಒಬ್ಬೊಬ್ಬರೂ ಒಂದೊಂದು ಮೆಷಿನ್ ಕೊಳ್ಳಲು ಆಗುತ್ತದಾ? ಗಂಟೆ ಬಾಡಿಗೆಗೆ ಕೊಡುವುದು ಅಂತ ತೀರ್ಮಾನವಾಗಿ ಮೆಷಿನ್ ಬಂತು. ನಿಂತ ಮರ ಕಡಿಯುವುದಾದರೆ ಅದರ ಕಾನೂನು ಬೇರೆ ಇದೆ. 1976ರ ವೃಕ್ಷ ಸಂರಕ್ಷಣಾ ಕಾಯಿದೆ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ಅನುಮತಿ ಬೇಕು. ಆ ಕಾಗದ ತೋರಿಸದೆ ಮೆಷಿನ್ ಕೊಡುವುದಿಲ್ಲ ಅಂತ ಮೊದಲ ದಿನದಿಂದಲೂ ಇದೆ. ಅದರಲ್ಲಿ ಬದಲಿಲ್ಲ.

2019ರ ಆಗಸ್ಟ್ ಮೊದಲ ವಾರದ ಮಳೆಯನ್ನು ಯಾರೂ ಮರೆತಿರಲಿಕ್ಕಿಲ್ಲ. ಆಶ್ಲೇಷಾ ಮಳೆ ಹಗಲು ರಾತ್ರಿ ಅನ್ನದೆ ಹೊಡೆಯಿತು. ಆಗ ಮೇಲಿನ ಕೇರಿಗೆ ಹೋಗುವ ದಾರಿಯಲ್ಲಿ ಧರೆ ಮೇಲಿನ ದೊಡ್ಡ ಹಲಸಿನ ಮರ ಬುಡಸಮೇತ ಎದ್ದು ಅಡ್ಡ ಬಿತ್ತು. ಆ ದಾರಿ ಎರಡು ಧರೆಗಳ ನಡುವೆ ಅಗೆದು ಮಾಡಿದ್ದು. ಮರದ ಬುಡ ಈ ಧರೆ ಮೇಲೆ, ತಲೆ ಆ ಧರೆ ಮೇಲೆ, ನಡುವಿನ ಭಾಗ ದಾರಿಯ ಮೇಲೆ ಎದೆಮಟ್ಟದಲ್ಲಿ ಸಂಕದ ಹಾಗೆ ತೂಗುತ್ತಿತ್ತು. ಆಚೆ ಇರುವ ಹದಿನಾಲ್ಕು ಮನೆಯವರ ಹಾಲಿನ ಕ್ಯಾನು ಸಹ ಈಚೆ ಬರುವಂತಿರಲಿಲ್ಲ. ಮಳೆ ಸ್ವಲ್ಪ ಬಿಟ್ಟ ಹೊತ್ತಿಗೆ ಕೇರಿಯವರು ಬಂದು ಮೆಷಿನ್ ಒಯ್ದರು. ಮೆಷಿನ್ ಹಿಡಿದ ಹುಡುಗ ಹೊಸಬ ಏನಲ್ಲ, ಬೇಕಾದಷ್ಟು ಮರ ಕೊಯ್ದವನೇ.

ಮರ ಸಂಕದ ಹಾಗೆ ಕೂತಿದೆ ಅಂತ ಹೇಳಿದೆವಲ್ಲ, ಅದೇ ಮುಖ್ಯ ವಿಷಯ. ಸಂಕದ ನಡುವೆ ಭಾರ ಬಿದ್ದರೆ ಏನಾಗುತ್ತದೆ? ಕೆಳಗೆ ಬಗ್ಗುತ್ತದೆ. ಮೇಲ್ಮುಖ ಒತ್ತಿಕೊಳ್ಳುತ್ತದೆ, ಅಡಿಮುಖ ಬಿರಿಯಲು ನೋಡುತ್ತದೆ. ಇಂಥ ದಿಮ್ಮಿಯನ್ನು ಮೇಲಿನಿಂದಲೇ ಕೊಯ್ಯುತ್ತಾ ಹೋದರೆ ಅರ್ಧಕ್ಕೆ ಬರುವಾಗ ಕೊಯ್ದ ಸಂದು ಮುಚ್ಚಿಕೊಂಡು ಬಾರ್ ಅನ್ನು ಇಕ್ಕಳದ ಹಾಗೆ ಹಿಡಿಯುತ್ತದೆ. ಮೇಲಿನಿಂದ ಮೂರನೇ ಒಂದು ಪಾಲಿನ ಒಳಗೆ ಕೊಯ್ದು ನಿಲ್ಲಿಸಬೇಕು, ಆಮೇಲೆ ಅಡಿಯಿಂದ ಕೊಯ್ದು ಮೇಲಿನ ಗೆರೆಗೆ ಸೇರಿಸಬೇಕು. ಒಂದೇ ಕಡೆ ಆಧಾರ ಇದ್ದು ಇನ್ನೊಂದು ತುದಿ ಗಾಳಿಯಲ್ಲಿದ್ದರೆ ಲೆಕ್ಕ ತಿರುಗಾಮುರುಗ: ಮೊದಲು ಅಡಿಯಿಂದ ಸ್ವಲ್ಪ, ಆಮೇಲೆ ಮೇಲಿನಿಂದ. ಮೊದಲೇ ಮೇಲಿನಿಂದ ಕೊಯ್ದರೆ ದಿಮ್ಮಿ ಉದ್ದಕ್ಕೆ ಸೀಳಿ ಹೋಗುತ್ತದೆ. ದಪ್ಪ ಮರವಾದರೆ ಬಾರ್ ಒಳಗೆ ಹೋದ ಕೂಡಲೇ ಹಿಂದಿನ ಸಂದಿಗೆ ಮರದ ಬೆಣೆ ಹೊಡೆದುಕೊಳ್ಳಬೇಕು. ಕಬ್ಬಿಣದ ಬೆಣೆ ಬೇಡ. ಚೈನ್ ತಾಗಿದರೆ ಹಲ್ಲು ಹೋಯಿತು.

ಅವತ್ತು ಮಳೆ, ಅವಸರ, ಸುತ್ತ ನಿಂತ ಹತ್ತು ಜನರ ಹತ್ತು ಸಲಹೆ. ಮೇಲಿನಿಂದಲೇ ಕೊಯ್ದರು. ಅರ್ಧಕ್ಕಿಂತ ಜಾಸ್ತಿ ಹೋದಾಗ ಬಾರ್ ಸಿಕ್ಕಿಕೊಂಡಿತು. ಇಲ್ಲಿಯವರೆಗೆ ಆಗಿದ್ದು ದೊಡ್ಡ ನಷ್ಟವೇ ಅಲ್ಲ ಮಾರಾಯ್ರೆ. ಬಾರ್ ಸಿಕ್ಕುವುದು ಎಂಥವರಿಗೂ ಆಗುವಂಥದ್ದು. ನಷ್ಟ ಆಗಿದ್ದು ಆಮೇಲಿನ ಕಾಲು ಗಂಟೆಯಲ್ಲಿ.

ಮೊದಲು, ಬಿಡಿಸಿಕೊಳ್ಳಲಿ ಅಂತ ಎಕ್ಸಿಲೇಟರ್ ಕೊಟ್ಟೇ ಕೊಟ್ಟರು. ಚೈನ್ ತಿರುಗುವುದಿಲ್ಲ, ಎಂಜಿನ್ ತಿರುಗುತ್ತದೆ, ನಡುವೆ ಕ್ಲಚ್ ಜಾರಿ ಉಜ್ಜಿ ಕಾಯುತ್ತದೆ. ಎರಡನೆಯದು, ಎಂಜಿನ್ ನಿಲ್ಲಿಸಿದ ಮೇಲೆ ಇಬ್ಬರು ಹಿಡಿಕೆ ಹಿಡಿದು ಆಚೆ ಈಚೆ ಮುರಿದರು, ನೆಲದಿಂದ ಗೂಟ ಕೀಳುವ ಹಾಗೆ. ಮೂರನೆಯದು, ಮತ್ತೊಬ್ಬರು ಹಾರೆ ತಂದು ದಿಮ್ಮಿ ಮೀಟಿದರು. ಮೀಟುವುದು ತಪ್ಪಲ್ಲ. ಆದರೆ ಮೆಷಿನ್ ಅದಕ್ಕೇ ನೇತಾಡುತ್ತಿರುವಾಗ ಮೀಟಿದರೆ? ಉಳಿದಿದ್ದ ಮರ ಲಟ್ಟನೆ ಮುರಿದು ಎರಡೂ ತುಂಡು ದಾರಿಗೆ ಬಿದ್ದವು. ಮೆಷಿನ್ ತುಂಡಿನ ಜೊತೆಗೇ ಬಿತ್ತು. ಬುಡದ ತುಂಡು ಉರುಳಿ ಆ ಹುಡುಗ ಒಂದು ಕ್ಷಣದ ಹಿಂದೆ ನಿಂತಿದ್ದ ಜಾಗಕ್ಕೇ ಹೋಗಿ ನಿಂತಿತು. ಅವನ ತಾಯಿಯೂ ಇವತ್ತು ಸಭೆಯಲ್ಲಿದ್ದಾರೆ, ಜಾಸ್ತಿ ಹೇಳುವುದಿಲ್ಲ.

ಬಾರ್ ಸಿಕ್ಕಿದರೆ ಮಾಡಬೇಕಾದ್ದು ಇಷ್ಟು. ಎಂಜಿನ್ ಬಂದ್ ಮಾಡಿ. ಸುಮ್ಮನೆ ನಿಂತು ದಿಮ್ಮಿ ಯಾವ ಕಡೆ ಬಗ್ಗಿದೆ, ತುಂಡಾದರೆ ಯಾವ ಕಡೆ ಉರುಳುತ್ತದೆ ನೋಡಿ. ಆಮೇಲೆ ಮೆಷಿನ್ನಿನ ಪಕ್ಕದ ಕವರಿನ ಎರಡು ನಟ್ ಬಿಚ್ಚಿ. ಎಂಜಿನ್ ಕೈಗೆ ಬರುತ್ತದೆ. ಬಾರು, ಚೈನು ಮರದಲ್ಲೇ ಇರಲಿ. ಬೆಲೆ ಬಾಳುವುದು ಎಂಜಿನ್, ಅದು ಆಗಲೇ ಮನೆ ಸೇರಿತು ಅಂತ ಲೆಕ್ಕ. ಇನ್ನು ಬೆಣೆ ಹೊಡೆಯಿರಿ, ಅಡಿಗೆ ಗಳ ಕೊಟ್ಟು ಎತ್ತಿರಿ, ಒಂದು ಮಾರು ದೂರದಲ್ಲಿ ಕೊಡಲಿಯಿಂದ ಕಡಿಯಿರಿ, ಏನು ಬೇಕಾದರೂ ಮಾಡಿ. ನಟ್ ಬಿಚ್ಚಲು ಎರಡು ನಿಮಿಷ ಸಾಕು. ಅದರ ಸ್ಪ್ಯಾನರ್ ಮೆಷಿನ್ ಜೊತೆಯ ಚೀಲದಲ್ಲೇ ಇತ್ತು.

ಸಂಜೆ ಮೆಷಿನ್ ಗೋಡೌನಿಗೆ ಬಂದಾಗ ಅದನ್ನು ನೋಡುವ ಹಾಗಿರಲಿಲ್ಲ. ಬಾರು ತುದಿಯಿಂದ ಒಂದು ಗೇಣು ಈಚೆ ಬಗ್ಗಿತ್ತು. ಚೈನ್ ಕಳಚಿ ಜೋತಿತ್ತು. ಪಕ್ಕದ ಕವರ್ ಒಡೆದಿತ್ತು. ಕೇಳಿದ ಒಂದು ಅಂಗಡಿಯವರು ರಿಪೇರಿಗೆ ಹೊಸ ಮೆಷಿನ್ನಿನ ಮುಕ್ಕಾಲು ಪಾಲು ಹಣ ಹೇಳಿದರು, ಜೊತೆಗೆ "ಹೊಸತೇ ತಗೊಳ್ಳಿ" ಅಂತ ಸಲಹೆ. ಇನ್ನೊಂದು ಕಡೆ ಕೊಟ್ಟೆವು. ಅವರು ಬಾರು, ಚೈನು, ಕವರು ಹೊಸತು ಹಾಕಿ ನಾಲ್ಕು ದಿನಕ್ಕೆ ವಾಪಸು ಕೊಟ್ಟರು. ಸ್ಟಾರ್ಟ್ ಆಯಿತು. ಎಲ್ಲರಿಗೂ ಸಂತೋಷ.

ಆದರೆ ಆ ಮೆಷಿನ್ನಿನ ಶಬ್ದ ನಮಗೆ ಸರಿ ಕಾಣಲಿಲ್ಲ. ಸುಮ್ಮನೆ ಬಿಟ್ಟರೆ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಓರೆ ಹಿಡಿದರೆ ಶಬ್ದ ಬದಲಾಗುತ್ತದೆ. ಹಿಡಿಕೆ ಹಿಡಿದು ಎತ್ತಿದರೆ ಎಂಜಿನ್ ಒಂದು ಕಡೆ, ಹಿಡಿಕೆ ಒಂದು ಕಡೆ ಅನ್ನುವ ಹಾಗೆ ಸಡಿಲ. ಕೊಳೆ ಔಷಧಿ ಹೊಡೆಯುವ ಪಂಪು, ಕಳೆ ಹೊಡೆಯುವ ಮೆಷಿನ್ ರಿಪೇರಿ ಮಾಡುವ ಪೇಟೆಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳುವುದಿಲ್ಲ. ಅವರಿಗೆ ತೋರಿಸಿದಾಗ ಒಂದು ನಿಮಿಷ ಕೇಳಿ, ಬಂದ್ ಮಾಡಿ, "ಇದನ್ನು ಇನ್ನೊಂದು ಮರಕ್ಕೆ ಹಚ್ಚಬೇಡಿ, ಪಿಸ್ಟನ್ ಹೋಗ್ತದೆ" ಅಂದರು. ಭಾನುವಾರ ಅವರನ್ನೇ ಕರೆಸಿದೆವು. ಗೋಡೌನ್ ಪಕ್ಕದ ಶೆಡ್ಡಿನಲ್ಲಿ ಗೋಣಿ ಹಾಸಿ ಪೂರ್ತಿ ಬಿಚ್ಚಿದೆವು. ಏನೇನು ಕಂಡಿತು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ, ಯಾಕೆಂದರೆ ಇಂಥ ಮೆಷಿನ್ ಈಗ ಊರಲ್ಲಿ ಅನೇಕರ ಮನೆಯಲ್ಲಿದೆ.

ಬಿಚ್ಚುವ ಮೊದಲು ಪ್ಲಗ್ಗಿನ ವಯರ್ ತೆಗೆದಿಡಬೇಕು. ಚೈನ್ ಬ್ರೇಕ್ ಬಿಡಿಸಿಕೊಂಡಿರಬೇಕು. ಬ್ರೇಕ್ ಕವರಿನಲ್ಲೇ ಇರುವ ಮೆಷಿನ್ನುಗಳಲ್ಲಿ, ಬ್ರೇಕ್ ಬಿದ್ದಿರುವಾಗ ಕವರ್ ತೆಗೆದರೆ ವಾಪಸು ಕೂರಿಸಲು ಹರಸಾಹಸ. ಇನ್ನು ಕ್ಲಚ್ಚಿನ ಮರೆ ಸಾಮಾನ್ಯವಾಗಿ ಉಲ್ಟಾ. ಗೊತ್ತಿಲ್ಲದೆ ಮಾಮೂಲಿ ದಿಕ್ಕಿಗೆ ತಿರುಗಿಸಿ ಬಲ ಹಾಕಿದರೆ ಇನ್ನಷ್ಟು ಬಿಗಿಯುತ್ತದೆ.

ಹಿಡಿಕೆಗೂ ಎಂಜಿನ್ನಿಗೂ ನಡುವೆ ಕೈಗೆ ಅದುರು ತಾಗದಿರಲಿ ಅಂತ ರಬ್ಬರಿನ ಬುಷ್ ಇರುತ್ತವೆ, ಕೆಲವದರಲ್ಲಿ ಸ್ಪ್ರಿಂಗ್. ಹಿಡಿಕೆ ಮುರಿದು ಎಳೆದದ್ದರಲ್ಲಿ ನಮ್ಮದರ ಎರಡು ಬುಷ್ ಹರಿದಿದ್ದವು. ಹಿಡಿಕೆ ಸಡಿಲವಾದದ್ದು ಅದಕ್ಕೆ. ಅದಾದರೂ ಕಣ್ಣಿಗೆ ಕಾಣುತ್ತದೆ. ಕಾಣದೆ ಇದ್ದದ್ದು ಒಳಗೆ. ಕಾರ್ಬುರೇಟರಿನಿಂದ ಎಂಜಿನ್ನಿಗೆ ಹೋಗುವ ದಾರಿಯಲ್ಲಿ ಒಂದು ರಬ್ಬರ್ ಕೊಳವೆ ಇದೆ, ಹೆಬ್ಬೆರಳು ಗಾತ್ರದ್ದು. ಬುಷ್ ಹರಿದ ಮೇಲೆ ಎಳೆತ ಎಲ್ಲ ಅದರ ಮೇಲೆ ಬಿದ್ದು ಅಡಿಭಾಗದಲ್ಲಿ ಉಗುರಿನಷ್ಟು ಬಿರುಕು ಬಿಟ್ಟಿತ್ತು. ಆ ಬಿರುಕಿನಲ್ಲಿ ಗಾಳಿ ಒಳಗೆ ಹೋಗುತ್ತದೆ.

ಗಾಳಿ ಹೋದರೆ ಏನಂತೆ ಅಂತ ಕೇಳಬಹುದು. ಇದು ಟೂ ಸ್ಟ್ರೋಕ್ ಎಂಜಿನ್. ಬೈಕಿನ ಹಾಗೆ ಅಡಿಯಲ್ಲಿ ಬೇರೆ ಎಂಜಿನ್ ಆಯಿಲ್ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಪಿಸ್ಟನ್ನಿಗೂ ಬೇರಿಂಗಿಗೂ ಎಣ್ಣೆ. ಗಾಳಿ ಜಾಸ್ತಿ ಆದರೆ ಆ ಲೆಕ್ಕದಲ್ಲಿ ಪೆಟ್ರೋಲ್ ಕಮ್ಮಿ, ಪೆಟ್ರೋಲ್ ಕಮ್ಮಿಯಾದರೆ ಆಯಿಲ್ ಕಮ್ಮಿ. ಮೇಲಾಗಿ ಎಂಜಿನ್ ಸಿಕ್ಕಾಪಟ್ಟೆ ಕಾಯುತ್ತದೆ. ಕೇಳುವವರಿಗೆ ಮೆಷಿನ್ ಒಳ್ಳೆ ಜೋರು ಓಡುತ್ತಾ ಇದೆ ಅನ್ನಿಸುತ್ತದೆ. ಆಮೇಲೆ ಒಂದು ದಿನ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಆಗ ಮಾತ್ರ ಮೊದಲ ಅಂಗಡಿಯವರು ಹೇಳಿದ್ದೇ ಸರಿ, ಹೊಸತೇ ಗತಿ. ಆ ರಬ್ಬರ್ ಕೊಳವೆಯ ಬೆಲೆ ಒಂದು ಚೈನಿನ ಬೆಲೆಗಿಂತ ಕಮ್ಮಿ.

ಕ್ಲಚ್ ಕಾದದ್ದರ ಫಲ ಇನ್ನೊಂದು ಕಡೆ ಸಿಕ್ಕಿತು. ಕ್ಲಚ್ಚಿನ ಹಿಂದೆ, ಚೈನಿಗೆ ಎಣ್ಣೆ ಕಳಿಸುವ ಪಂಪನ್ನು ತಿರುಗಿಸುವ ಪ್ಲಾಸ್ಟಿಕ್ ಗೇರ್ ಇತ್ತು. ಅದು ಬೆಲ್ಲದ ಹಾಗೆ ಕರಗಿ ಕೂತಿತ್ತು. ಅಂದರೆ ಹೊಸ ಬಾರಿಗೂ ಚೈನಿಗೂ ಒಂದು ಹನಿ ಎಣ್ಣೆ ಹೋಗುತ್ತಿರಲಿಲ್ಲ. ಇದನ್ನು ನೋಡಲು ಬಿಚ್ಚಬೇಕಾಗಿಯೂ ಇಲ್ಲ. ಮೆಷಿನ್ ಸ್ಟಾರ್ಟ್ ಮಾಡಿ, ಬಾರಿನ ತುದಿಯನ್ನು ಒಣ ಅಡಿಕೆ ಹಾಳೆಯ ಒಳಮೈಗೆ ಒಂದು ಗೇಣು ದೂರದಲ್ಲಿ ಹಿಡಿದು, ಜೋರು ಮಾಡಿ. ಹಾಳೆಯ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಬೀಳದಿದ್ದರೆ ಮೊದಲು ಎಣ್ಣೆ ಬರುವ ತೂತು, ಬಾರಿನ ಬುಡದ ತೂತು ಹೊಟ್ಟಿನಿಂದ ಕಟ್ಟಿದೆಯಾ ನೋಡಿ. ಹಲಸಿನ ಮರದ ಹಸಿ ಹೊಟ್ಟು, ಮೇಣ ಬೇರೆ, ಗಾರೆ ಹಾಕಿದ ಹಾಗೆ ಕೂತಿರುತ್ತದೆ. ಈ ಎಣ್ಣೆಗೆ ಬೈಕಿನಿಂದ ತೆಗೆದ ಕರಿ ಆಯಿಲ್ ಹಾಕುವವರಿದ್ದಾರೆ. ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಪಂಪು ಸವೆಯುತ್ತದೆ, ಮೈಗೂ ಒಳ್ಳೆಯದಲ್ಲ.

ಬಾರ್ ಕೂರುವ ಎರಡು ಬೋಲ್ಟಿನಲ್ಲಿ ಒಂದು ಸ್ವಲ್ಪ ವಾಲಿತ್ತು. ಮೆಕ್ಯಾನಿಕ್ ಅದರ ಬುಡವನ್ನು ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಬ್ಯಾಟರಿ ಬಿಟ್ಟು ಬಹಳ ಹೊತ್ತು ನೋಡಿದರು. ಅಲ್ಲಿ ಎಂಜಿನ್ ಮೈ ಒಡೆದಿದ್ದರೆ ಆಟ ಮುಗಿಯಿತು. ಒಡೆದಿರಲಿಲ್ಲ. ಬೋಲ್ಟ್ ಮಾತ್ರ ಬದಲಿಸಿದರು.

ಹಳೆ ಬಾರನ್ನು ಗುಜರಿಗೆ ಹಾಕಬೇಕು ಅಂದಿದ್ದರು. ಉದ್ದಕ್ಕೆ ಕಣ್ಣಿಟ್ಟು ನೋಡಿದರೆ ಬಗ್ಗು ಸ್ವಲ್ಪವೇ ಇತ್ತು. ವೈಸಿಗೆ ಕೊಟ್ಟು ನಿಧಾನಕ್ಕೆ ಒತ್ತಿ ನೇರ ಮಾಡಿ, ಎರಡು ಅಂಚಿನ ಮುಳ್ಳು ಅರದಿಂದ ತೆಗೆದು, ಗಾಡಿ ಸ್ವಚ್ಛ ಮಾಡಿದ ಮೇಲೆ ಅದೀಗ ಎರಡನೇ ಬಾರ್ ಆಗಿ ಉಪಯೋಗಕ್ಕಿದೆ. ಹಳೆ ಚೈನಿನದು ಬೇರೆ ಕತೆ. ಓಡುವಾಗ ಕಳಚಿದ ಚೈನಿನ ಅಡಿಯ ಕೊಂಡಿಗಳಿಗೆ ಪಲ್ಲಿಯ ಹಲ್ಲು ಹೊಡೆದು ಮುಳ್ಳು ಎದ್ದಿರುತ್ತದೆ. ಒಂದೆರಡಾದರೆ ಅರ ಹಾಕಿ ಸರಿ ಮಾಡಬಹುದು. ನಮ್ಮದರಲ್ಲಿ ಒಂಬತ್ತು ಕೊಂಡಿ ಹೋಗಿದ್ದವು. ಬಿಟ್ಟೆವು.

ಇಷ್ಟು ಸಾಮಾನು ತರಿಸಲು ಹದಿನೆಂಟು ದಿನ ಹಿಡಿಯಿತು. ಆ ಹದಿನೆಂಟು ದಿನದಲ್ಲಿ ಊರಲ್ಲಿ ನಡೆದ ಮಾತು ಮೆಷಿನ್ ರಿಪೇರಿಗಿಂತ ಕಷ್ಟದ್ದು. ದುಡ್ಡು ಯಾರು ಕೊಡಬೇಕು? ಮರ ಯಾರ ಜಾಗದ್ದೋ ಅವರು ಕೊಡಲಿ ಅಂತ ಒಂದು ಪಕ್ಷ. "ಮರ ನಮ್ಮದು, ದಾರಿ ಎಲ್ಲರದು, ಕೊಯ್ಯಿರಿ ಅಂತ ನಾವು ಹೇಳಿದ್ದಾ?" ಅಂತ ಅವರು. ಮೆಷಿನ್ ಓಡಿಸಿದವನ ಕೂಲಿಯಲ್ಲಿ ಹಿಡಿಯಿರಿ ಅಂತ ಇನ್ನೊಂದು ಪಕ್ಷ. ಮಳೆಯಲ್ಲಿ ನೆನೆದು ಪ್ರಾಣ ಒತ್ತೆ ಇಟ್ಟು ಕೊಯ್ದವನ ಕೂಲಿಯಲ್ಲಿ! ಮೆಷಿನ್ನೇ ಮಾರಿಬಿಡಿ ಅಂದವರೂ ಬಹಳ ಜನ. ಸಭೆಯಲ್ಲಿ ಆ ದಿನ ಚಹಾ ಆರಿ ಹೋಯಿತು, ಯಾರೂ ಕುಡಿಯಲಿಲ್ಲ.

ಕಾರ್ಯದರ್ಶಿಯವರು ಬಾಡಿಗೆ ಲೆಕ್ಕ ತೆಗೆದು ಓದಿದಾಗ ವಿಷಯ ತಿಳಿಯಾಯಿತು. ಮೆಷಿನ್ ಬಂದಾಗಿನಿಂದ ಬಂದ ಬಾಡಿಗೆಯೆಲ್ಲ ಸಂಘದ ಸಾಮಾನ್ಯ ಆದಾಯಕ್ಕೆ ಸೇರಿ ಹೋಗಿತ್ತು. ಸವಕಳಿ ಅಂತ ಆಡಿಟ್ಟಿನಲ್ಲಿ ವರ್ಷ ವರ್ಷ ಕಳೆದಿದ್ದರು, ಅದು ಕಾಗದದ ಮೇಲೆ. ರಿಪೇರಿಗೆ ಅಂತ ಒಂದು ರೂಪಾಯಿ ಬೇರೆ ಇಟ್ಟಿರಲಿಲ್ಲ. ದುಡಿದ ಎತ್ತಿಗೆ ಹಿಂಡಿ ಇಡದೆ ದುಡಿಸಿದ ಹಾಗೆ. ಕೊನೆಗೆ ರಿಪೇರಿ ಖರ್ಚು ಸಂಘವೇ ಭರಿಸುವುದು, ಮುಂದೆ ಬಾಡಿಗೆಯ ನಾಲ್ಕನೇ ಒಂದು ಪಾಲು ಮೆಷಿನ್ ದುರಸ್ತಿಗೆ ಬೇರೆ ಇಡುವುದು ಅಂತ ಠರಾವಾಯಿತು. ದಾರಿಗೆ ಬಿದ್ದ ಮರಕ್ಕೆ ಬಾಡಿಗೆ ಇಲ್ಲ ಅನ್ನುವುದನ್ನು ಸೇರಿಸಿದ್ದು, ವಿರೋಧ ಮಾಡಿದ್ದ ಹಿರಿಯ ಸದಸ್ಯರೊಬ್ಬರೇ. ನಮ್ಮ ಅಭಿಪ್ರಾಯದಲ್ಲಿ ಆ ಸಭೆಯ ದೊಡ್ಡ ಮಾತು ಅದು.

ಅಂದಿನಿಂದ ಮೆಷಿನ್ ಜೊತೆ ಒಂದು ಪುಸ್ತಕ ಇದೆ. ಯಾರು ಒಯ್ದರು, ಎಷ್ಟು ಹೊತ್ತು ಓಡಿತು, ತರುವಾಗ ಏನು ಬೇರೆ ಶಬ್ದ ಬಂತು, ಎಲ್ಲ ಬರೆಯಬೇಕು. ಶಬ್ದ ಬದಲಾಯಿತು ಅಂತ ಬರೆದವರಿಗೆ ದಂಡ ಇಲ್ಲ. ಇದು ಬಹಳ ಮುಖ್ಯ. ದಂಡ ಹಾಕಿದರೆ ಯಾರೂ ಹೇಳುವುದಿಲ್ಲ, ಒರೆಸಿ ಇಟ್ಟು ಹೋಗುತ್ತಾರೆ, ಮುಂದಿನವನ ಕೈಯಲ್ಲಿ ಕೆಡುತ್ತದೆ. ಪೆಟ್ರೋಲನ್ನು ಸಂಘದಲ್ಲೇ ಬೆರೆಸಿ ಕೊಡುತ್ತೇವೆ. ಕಂಪನಿ ಹೇಳಿದ ಒಳ್ಳೆ ಟೂ ಸ್ಟ್ರೋಕ್ ಆಯಿಲ್ ಆದರೆ ಐವತ್ತಕ್ಕೆ ಒಂದು, ಅಂದರೆ ಲೀಟರಿಗೆ 20 ಮಿ.ಲೀ. ಕಣ್ಣಂದಾಜು ಬೇಡ, ಅಳತೆ ಡಬ್ಬಿ ಇದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ತೇವ ಎಳೆಯುತ್ತದೆ. ಬೆರೆಸಿದ್ದನ್ನು ತಿಂಗಳುಗಟ್ಟಲೆ ಇಡಬಾರದು, ಮಳೆಗಾಲ ಕಳೆದ ಮೇಲೆ ಟ್ಯಾಂಕಿಯಲ್ಲೂ ಬಿಡಬಾರದು. ಕೆಲಸ ಮುಗಿದ ಕೂಡಲೇ ಚೈನ್ ಸಡಿಲ ಮಾಡಬೇಕು. ಬಿಸಿಯಲ್ಲಿ ಹಿಗ್ಗಿದಾಗ ಬಿಗಿ ಮಾಡಿದ ಚೈನ್ ಆರಿದ ಮೇಲೆ ಕುಗ್ಗಿ ಎಂಜಿನ್ನಿನ ದಂಡವನ್ನೇ ಎಳೆಯುತ್ತದೆ.

ಹಲ್ಲು ಹರಿತ ಮಾಡುವ ವಿಷಯ ಒಂದು ಹೇಳಿಬಿಡುತ್ತೇವೆ. ಈ ಚೈನಿನ ಹಲ್ಲು ಬಂದ ಕತೆ ರೈತರಿಗೆ ಹಿಡಿಸುತ್ತದೆ. ಅಮೆರಿಕದ ಒರೆಗಾನಿನಲ್ಲಿ ಜೋಸೆಫ್ ಕಾಕ್ಸ್ ಅನ್ನುವ ಮರ ಕಡಿಯುವವರು 1946ರಲ್ಲಿ ಕಾಡಿನಲ್ಲಿ ಒಂದು ಕೊರಕ ಹುಳು ಮರ ತಿನ್ನುವುದನ್ನು ನೋಡಿದರಂತೆ. ಅದರ ದವಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮರ ಕೆರೆಯುತ್ತಿತ್ತು. ಅದನ್ನೇ ನೋಡಿ ಎಡ ಹಲ್ಲು, ಬಲ ಹಲ್ಲು ಇರುವ ಚೈನ್ ಮಾಡಿ 1947ರಲ್ಲಿ ಮಾರಾಟಕ್ಕೆ ತಂದರು. ನಾವು ತೋಟದಲ್ಲಿ ಔಷಧಿ ಹೊಡೆದು ಕೊಲ್ಲುವ ಜಾತಿಯ ಹುಳುವಿನಿಂದ ಕಲಿತ ವಿದ್ಯೆ ಇದು. ಎರಡೂ ಕಡೆ ಹಲ್ಲು ಸಮ ಇರಬೇಕು ಅನ್ನುವುದು ಅದಕ್ಕೇ. ಒಂದು ಕಡೆ ಜಾಸ್ತಿ ಅರೆದರೆ ಮೆಷಿನ್ ಓರೆ ಕೊಯ್ಯುತ್ತದೆ, ಓರೆ ಕೊಯ್ದರೆ ಬಾರ್ ಸಿಕ್ಕುತ್ತದೆ. ನಮ್ಮ ಚೈನಿಗೆ 4.8 ಮಿ.ಮೀ. ಉರುಟು ಅರ, 30 ಡಿಗ್ರಿ ಓರೆ, ಒಳಗಿನಿಂದ ಹೊರಗೆ ಒಂದೇ ದಿಕ್ಕಿಗೆ, ಪ್ರತಿ ಹಲ್ಲಿಗೂ ಅಷ್ಟಷ್ಟೇ ಎಳೆತ. ಹಲ್ಲಿನ ಮುಂದಿನ ಸಣ್ಣ ದಿಬ್ಬ ಹಲ್ಲಿಗಿಂತ 0.65 ಮಿ.ಮೀ. ತಗ್ಗಿರಬೇಕು. ಅದನ್ನು ಜಾಸ್ತಿ ತೆಗೆದರೆ ಮೆಷಿನ್ ಜಿಗಿಯುತ್ತದೆ. ಹರಿತ ಇದ್ದರೆ ಹೊಟ್ಟು ಅವಲಕ್ಕಿಯ ಹಾಗೆ ಬೀಳುತ್ತದೆ. ಹಿಟ್ಟಿನ ಹಾಗೆ ಬಂದರೆ ನಿಲ್ಲಿಸಿ ಅರ ಹಾಕಿ, ಒತ್ತಿ ಕೊಯ್ಯಬೇಡಿ. ಬೇಲಿಸಾಲಿನ ಹಳೆ ಮರವಾದರೆ ಒಳಗೆ ಮುಳ್ಳುತಂತಿ, ಮೊಳೆ ಇದೆಯಾ ಅಂತ ಮೊದಲು ಮನೆಯ ಹಿರಿಯರನ್ನು ಕೇಳಿ.

ಅದೇ ಮೆಷಿನ್ ಈಗಲೂ ಓಡುತ್ತಾ ಇದೆ. ಊಟ ಆದ ಮೇಲೆ ಶೆಡ್ಡಿನಲ್ಲಿ ಅದನ್ನು ಬಿಚ್ಚಿ ಗೋಣಿಯ ಮೇಲೆ ಇಡುತ್ತೇವೆ. ಕರಗಿದ ಗೇರು, ಹರಿದ ರಬ್ಬರ್ ಕೊಳವೆ ಎರಡನ್ನೂ ಎತ್ತಿಟ್ಟಿದ್ದೇವೆ, ಕೈಯಲ್ಲಿ ಹಿಡಿದು ನೋಡಬಹುದು. ಮೆಕ್ಯಾನಿಕ್ಕರೂ ನಾಲ್ಕು ಗಂಟೆಯವರೆಗೆ ಇರುತ್ತೇವೆ ಅಂದಿದ್ದಾರೆ. ಮನೆಯಲ್ಲಿ ಮೆಷಿನ್ ಇರುವವರು ತಮ್ಮ ಚೈನ್ ತಂದಿದ್ದರೆ ಹಲ್ಲು ನೋಡಿ ಹೇಳುತ್ತಾರೆ.